ಹಾರೈಕೆಯೊಂದು ವೇಗವಾದ ಬಗೆ



ಹೊರದೇಶಕ್ಕೆ ಕೆಲಸಕ್ಕೆಂದು ಹೊರಟ ಯುವಕನಿಗೆ, ನಿವೃತ್ತಳಾಗುವ ಶಿಕ್ಷಕಿಗೆ, ವರ್ಗವಾಗಿ ಹೋಗುವ ಗುರುಗಳಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಬೀಳ್ಕೊಡುಗೆ ನಡೆಯುವಾಗ ಒಂದು ಕಾರ್ಡಿನ ಮೇಲೋ ಕೇಕಿನ ಮೇಲೋ ‘ಗಾಡ್‌ಸ್ಪೀಡ್’ ಎಂಬ ಇಂಗ್ಲಿಷ್ ಪದ ಕಾಣಿಸಿಕೊಳ್ಳುವುದುಂಟು. ಬರೆದವರನ್ನೇ ಅದರ ಅರ್ಥವೇನೆಂದು ಕೇಳಿ ನೋಡಿ. ‘ದೇವರ ವೇಗ’ ಎಂದು ಕೆಲವರು ಹೇಳಿಯಾರು. ‘ಬೇಗ ಹೋಗಿ ಬೇಗ ಬಾ ಎಂದರ್ಥ’ ಎಂದು ಇನ್ನು ಕೆಲವರು ಹೇಳಿಯಾರು. ಪ್ರಬೋಧನೆಗಳಲ್ಲಿಯೂ ಈ ಪದಕ್ಕೆ ಒಂದು ಸೊಗಸಾದ ವ್ಯಾಖ್ಯಾನ ಹುಟ್ಟಿಕೊಂಡಿದೆ: ದೇವರಿಗೆ ತನ್ನದೇ ಆದ ಒಂದು ವೇಗವಿದೆ, ನಮ್ಮ ಆತುರಕ್ಕೆ ತಕ್ಕಂತೆ ಆತ ಓಡುವುದಿಲ್ಲ, ಆದ್ದರಿಂದ ಕಾಯಬೇಕು ಎಂಬುದು ಅದರ ಸಾರ. ಮಾತು ಒಳ್ಳೆಯದೇ. ಆದರೆ ಆ ಪದದೊಳಗೆ ಆ ಮಾತಿಗೆ ಜಾಗವಿಲ್ಲ. ‘ಗಾಡ್‌ಸ್ಪೀಡ್’ ಎಂಬುದರಲ್ಲಿರುವ ‘ಸ್ಪೀಡ್’ ವೇಗವೇ ಅಲ್ಲ.

ಪದವೊಂದರ ಹಳೆಯ ಅರ್ಥವನ್ನು ಕೆದಕುವುದು ಪಂಡಿತರ ಕಾಲಹರಣವೆಂದು ನೀವು ಭಾವಿಸಬಹುದು. ಹಲವು ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಈ ಒಂದು ಪದದ ವಿಷಯದಲ್ಲಿ ಅರ್ಥ ಜಾರಿದ್ದರಿಂದ ಪವಿತ್ರ ಗ್ರಂಥದ ಕೆಲವು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಓದುವವರು ಬೇರೆಯಾಗಿಯೇ ಓದಿಕೊಳ್ಳುವಂತಾಗಿದೆ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಇಂದು ಬೈಬಲನ್ನು ಇಂಗ್ಲಿಷಿನಲ್ಲಿಯೇ ಓದುತ್ತಾರೆ. ಆದ್ದರಿಂದ ತುಸು ತಾಳ್ಮೆಯಿಂದ ನನ್ನೊಡನೆ ಬನ್ನಿ ಎಂದು ಕೋರುತ್ತೇನೆ.

ಇಂಗ್ಲಿಷ್ ನುಡಿಯ ಅತ್ಯಂತ ಹಳೆಯ ರೂಪದಲ್ಲಿ, ಅಂದರೆ ಸುಮಾರು ಒಂದು ಸಾವಿರ ವರ್ಷಗಳಿಗೂ ಹಿಂದೆ, ಈ ಪದದ ಉಚ್ಚಾರ ‘ಸ್ಪೇಡ್’ ಎಂಬುದಕ್ಕೆ ಹತ್ತಿರವಾಗಿತ್ತು. ಅದರ ಅರ್ಥ ಏಳಿಗೆ, ಕೈಗೂಡುವಿಕೆ, ಸಂಪತ್ತು, ಅನುಕೂಲವಾದ ಅವಕಾಶ. ‘ಸ್ಪೋವನ್’ ಎಂಬ ಕ್ರಿಯಾಪದಕ್ಕೆ ಏಳಿಗೆಯಾಗು, ಫಲಿಸು ಎಂಬ ಅರ್ಥವಿತ್ತು. ಸಿರಿವಂತನನ್ನು ‘ಸ್ಪೇಡಿಗ್’ ಎಂದೂ ಬಡವನನ್ನು ‘ಉನ್‌ಸ್ಪೇಡಿಗ್’ ಎಂದೂ ಕರೆಯುತ್ತಿದ್ದರು. ಇದಕ್ಕೆ ಒಂದು ಸ್ವಾರಸ್ಯಕರ ಸಾಕ್ಷ್ಯವಿದೆ. ಇಂಗ್ಲೆಂಡಿನ ದೊರೆ ಆಲ್ಫ್ರೆಡ್ (ಆಳ್ವಿಕೆ 871ರಿಂದ 899) ಬಳಿಗೆ ನಾರ್ವೆಯ ಉತ್ತರ ತುದಿಯಿಂದ ಓಹ್ತೆರೆ ಎಂಬ ನಾವಿಕನೊಬ್ಬ ಬಂದು ತನ್ನ ಸಮುದ್ರಯಾನದ ವೃತ್ತಾಂತವನ್ನು ಅರುಹಿದ. ಒರೋಸಿಯಸ್ ಎಂಬ ಕ್ರೈಸ್ತ ಗುರು ಲತೀನಿನಲ್ಲಿ ಬರೆದ ಚರಿತ್ರೆಯ ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ಆ ವೃತ್ತಾಂತವನ್ನು ಸೇರಿಸಿದ್ದಾರೆ. ಅದರಲ್ಲಿ ಓಹ್ತೆರೆ ಬಹಳ ‘ಸ್ಪೇಡಿಗ್’ ಮನುಷ್ಯನೆಂದು ಹೇಳಿದೆ. ಇಂದಿನ ಇಂಗ್ಲಿಷ್ ಕಿವಿಗೆ ಇದು ‘ಸ್ಪೀಡಿ’ ಎಂದು ಕೇಳಿಸುತ್ತದೆ, ಓಟಗಾರನಿರಬೇಕು ಎನಿಸುತ್ತದೆ. ಅಲ್ಲ. ಅವನ ಬಳಿ ಮಾರದೆ ಉಳಿಸಿಕೊಂಡಿದ್ದ 600 ಸಾಕು ಹಿಮಸಾರಂಗಗಳಿದ್ದವು! ಇಷ್ಟಾಗಿಯೂ ಅವನಲ್ಲಿದ್ದ ದನಗಳು 20, ಕುರಿಗಳು 20, ಹಂದಿಗಳು 20 ಮಾತ್ರ. ನಮ್ಮವರು ಗೋಧನವೆಂದು ಹೇಳುವಂತೆ ಆ ನಾಡಿನವರು ಸಾರಂಗಗಳನ್ನು ಎಣಿಸಿ ಸಿರಿಯನ್ನು ಅಳೆಯುತ್ತಿದ್ದರು. ಅವರ ‘ಸ್ಪೀಡ್’ ಕೊಟ್ಟಿಗೆಯಲ್ಲಿತ್ತು, ಕಾಲಿನಲ್ಲಿ ಅಲ್ಲ.

ಹಾಗಾದರೆ ಏಳಿಗೆಯು ವೇಗವಾದದ್ದು ಹೇಗೆ? ಇಲ್ಲಿ ಒಂದು ಸುಲಭದ ಉತ್ತರ ನಮ್ಮನ್ನು ಕರೆಯುತ್ತದೆ. ಹಿಂದಿನವರು ಜೀವನದ ಸಾರ್ಥಕತೆಯನ್ನು ಬಯಸುತ್ತಿದ್ದರು, ಯಂತ್ರಯುಗ ಬಂದ ಮೇಲೆ ಮನುಷ್ಯ ವೇಗವನ್ನೇ ಸಾರ್ಥಕತೆ ಎಂದು ತಿಳಿದ, ಪದವೂ ಅವನೊಂದಿಗೆ ಕೆಟ್ಟಿತು ಎಂಬುದೇ ಆ ಉತ್ತರ. ಧ್ಯಾನಕೂಟದಲ್ಲಿ ಹೇಳಲು ಇದು ಚೆನ್ನಾಗಿದೆ. ಆದರೆ ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ಉಗಿಬಂಡಿ ಹುಟ್ಟುವುದಕ್ಕೆ ಎಂಟು ನೂರು ವರ್ಷ ಮೊದಲೇ, ಹಳೆಯ ಇಂಗ್ಲಿಷಿನ ಕೊನೆಯ ಘಟ್ಟದಲ್ಲಿಯೇ, ಈ ಪದ ‘ಬೇಗನೆ’ ಎಂಬ ಅರ್ಥದಲ್ಲಿ ಕ್ರಿಯಾವಿಶೇಷಣವಾಗಿ ಬಳಕೆಗೆ ಬಂದಿತ್ತು. ಎತ್ತು ಕುದುರೆಗಳಿಗಿಂತ ವೇಗವಾದ ವಾಹನವನ್ನು ಕಾಣದ ಜನರೇ ಈ ಬದಲಾವಣೆಯನ್ನು ಮಾಡಿದವರು. ಕಾರಣ ಬಹಳ ಸರಳವಾದುದು. ಸರಾಗವಾಗಿ ನಡೆಯುವ ಕೆಲಸ ಎಲ್ಲಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಸಿಕ್ಕಿಹಾಕಿಕೊಳ್ಳದ ಕೆಲಸ ಬೇಗ ಮುಗಿಯುತ್ತದೆ. ನಮ್ಮ ಮಾತನ್ನೇ ನೋಡಿ. ‘ಅಂಗಡಿ ಹೇಗಿದೆ?’ ಎಂದರೆ ‘ಚೆನ್ನಾಗಿ ಓಡುತ್ತಿದೆ’ ಎನ್ನುತ್ತೇವೆ. ಅಂಗಡಿ ನಿಂತಲ್ಲಿಂದ ಒಂದಿಂಚೂ ಕದಲಿರುವುದಿಲ್ಲ. ಒಂದೇ ಚಿತ್ರಮಂದಿರದಲ್ಲಿ ಕದಲದೆ ನಿಂತ ಚಲನಚಿತ್ರವನ್ನು ‘ನೂರು ದಿನ ಓಡಿತು’ ಎಂದು ಹೊಗಳುತ್ತೇವೆ. ಏಳಿಗೆಗೂ ಓಟಕ್ಕೂ ಇರುವ ನಂಟು ಮನುಷ್ಯನ ಮನಸ್ಸಿನಲ್ಲಿಯೇ ಇದೆ. ಅದಕ್ಕೆ ಎಂಜಿನಿನ ಅಗತ್ಯವಿಲ್ಲ.

ನಂಟುಪದಗಳೂ ಇದನ್ನೇ ಹೇಳುತ್ತವೆ. ರಷ್ಯನ್ ಭಾಷೆಯಲ್ಲಿ ಯಶಸ್ಸಿಗೆ ‘ಉಸ್ಪೆಖ್’, ಅವಸರಪಡುವುದಕ್ಕೆ ‘ಸ್ಪೆಶಿತ್’. ಎರಡೂ ಒಂದೇ ಬೇರಿನವು, ಅದೂ ನಮ್ಮ ‘ಸ್ಪೀಡ್’ ಹುಟ್ಟಿದ ಬೇರೇ. ಡಚ್ ಭಾಷೆಯಲ್ಲಿ ‘ಸ್ಪೂಡ್’ ಎಂದರೆ ತುರ್ತು. ಅಲ್ಲಿನ ಆಸ್ಪತ್ರೆಯ ತುರ್ತುಚಿಕಿತ್ಸೆಯ ವಿಭಾಗದ ಹೆಸರಿನಲ್ಲಿ ಆ ಪದವಿದೆ. ಆದರೆ ಅದೇ ಪದದ ಹಿಂದೆ ಒಂದು ಉಪಸರ್ಗ ಸೇರಿಸಿ ‘ವೋರ್‌ಸ್ಪೂಡ್’ ಎಂದರೆ ಏಳಿಗೆ, ಬೇರೊಂದನ್ನು ಸೇರಿಸಿ ‘ತೇಖನ್‌ಸ್ಪೂಡ್’ ಎಂದರೆ ಕಷ್ಟಕಾರ್ಪಣ್ಯ. ಸುಖದಲ್ಲಿಯೂ ದುಃಖದಲ್ಲಿಯೂ ಜೊತೆಗಿರುತ್ತೇನೆಂದು ಡಚ್ ವಧೂವರರು ಮಾತು ಕೊಡುವುದು ಈ ಎರಡು ಪದಗಳಿಂದ. ಲತೀನ್ ಕಲಿತವರಿಗೆ ಇನ್ನೊಂದು ಅಚ್ಚರಿ ಕಾದಿದೆ. ನಿರೀಕ್ಷೆ ಎಂಬರ್ಥದ ‘ಸ್ಪೆಸ್’ ಈ ಪದಕ್ಕೆ ದಾಯಾದಿ. ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ನಿರೀಕ್ಷೆಯನ್ನು ಕುರಿತು ಧರ್ಮಸಭೆಗೆ ಬರೆದ ಪತ್ರದ ಹೆಸರು ‘ಸ್ಪೆ ಸಾಲ್ವಿ’ ಎಂದು ನಿಮಗೆ ನೆನಪಿರಬಹುದು. ಅಲ್ಲಿರುವ ‘ಸ್ಪೆ’ ಅದೇ. ಸಂಸ್ಕೃತದ ‘ಸ್ಫೀತ’, ಅಂದರೆ ಉಬ್ಬಿದ, ಸಮೃದ್ಧವಾದ, ಎಂಬುದೂ ಅದೇ ಕುಲದ್ದು. ಹೀಗೆ ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂಬ ಮೂರರಲ್ಲಿ ನಡುವಿನದಕ್ಕೆ ರಸ್ತೆಬದಿಯ ವೇಗಮಿತಿಯ ಫಲಕ ದೂರದ ಬಂಧುವಾಗುತ್ತದೆ.

ಇನ್ನು ಪವಿತ್ರ ಗ್ರಂಥಕ್ಕೆ ಬರೋಣ. ಆದಿಕಾಂಡದ 24ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಮುದುಕನಾದ ಅಬ್ರಹಾಮನು ಮಗ ಇಸಾಕನಿಗೆ ಹೆಣ್ಣು ತರಲು ತನ್ನ ಮನೆಯ ಹಿರಿಯ ಸೇವಕನನ್ನು ದೂರದ ಹುಟ್ಟುನಾಡಿಗೆ ಕಳುಹಿಸುತ್ತಾನೆ. ಆ ಅಧ್ಯಾಯದಲ್ಲಿ ಸೇವಕನಿಗೆ ಹೆಸರಿಲ್ಲ. ಹತ್ತು ಒಂಟೆಗಳೊಡನೆ ಸಂಜೆಯ ವೇಳೆಗೆ ಊರ ಹೊರಗಿನ ಬಾವಿಯ ಬಳಿ ತಲುಪಿ, ಒಂಟೆಗಳನ್ನು ಕೂರಿಸಿ, ಅವನು ಪ್ರಾರ್ಥಿಸುತ್ತಾನೆ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಆ ಪ್ರಾರ್ಥನೆ ಈ ದಿನ ತನಗೆ ಒಳ್ಳೆಯ ‘ಸ್ಪೀಡ್’ ಕಳುಹಿಸೆಂದು ದೇವರನ್ನು ಬೇಡುತ್ತದೆ. ಇಂದಿನ ಹುಡುಗನೊಬ್ಬ ಇದನ್ನು ಓದಿ, ಪ್ರಯಾಣದಲ್ಲಿ ಬಳಲಿದ ಮುದುಕ ಕೆಲಸ ಬೇಗ ಮುಗಿಯಲಿ ಎಂದು ಬೇಡುತ್ತಿದ್ದಾನೆಂದು ತಿಳಿದರೆ ಅವನನ್ನು ದೂರುವಂತಿಲ್ಲ. ಮುಂದಿನ ವಾಕ್ಯಗಳು ಅವನ ತಪ್ಪು ತಿಳಿವಳಿಕೆಗೆ ನೀರೆರೆಯುತ್ತವೆ ಕೂಡ. ರೆಬೆಕ್ಕಳು ಅವಸರದಿಂದ ಕೊಡವನ್ನು ಇಳಿಸುತ್ತಾಳೆ, ಅವಸರದಿಂದ ತೊಟ್ಟಿಗೆ ನೀರು ಸುರಿಯುತ್ತಾಳೆ, ಮತ್ತೆ ಬಾವಿಗೆ ಓಡುತ್ತಾಳೆ. ಅಧ್ಯಾಯದ ತುಂಬ ಓಡಾಟವೇ.

ಆದರೆ ಆ ಪ್ರಾರ್ಥನೆಯಲ್ಲಿ ವೇಗದ ಸುಳಿವೇ ಇಲ್ಲ. ಹೀಬ್ರೂ ಮೂಲದಲ್ಲಿರುವ ಕ್ರಿಯಾಪದಕ್ಕೆ ಎದುರಾಗುವಂತೆ ಮಾಡು, ಸಂಭವಿಸುವಂತೆ ಮಾಡು ಎಂಬ ಅರ್ಥವಿದೆ. ನಾನು ಹುಡುಕಿಕೊಂಡು ಬಂದದ್ದು ಇಂದು ನನ್ನೆದುರಿಗೆ ಬರುವಂತೆ ಮಾಡು ಎಂದು ಸೇವಕ ಬೇಡುತ್ತಿದ್ದಾನೆ. ಲತೀನಿಗೆ ತಂದ ಸಂತ ಜೆರೋಮರು ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ದೇವರೇ ತನಗೆ ಎದುರಾಗಿ ಬರಲಿ ಎಂದು ಸೇವಕ ಬೇಡುವಂತೆ ಅನುವಾದಿಸಿದರು. ಆ ಲತೀನನ್ನು ಆಧರಿಸಿದ ಕ್ಯಾಥೋಲಿಕರ ಹಳೆಯ ಡೂಯೆ ಅನುವಾದವೂ ಹಾಗೆಯೇ ಹೇಳುತ್ತದೆ. ನನಗೆ ಇದು ಮೂರರಲ್ಲಿ ಅತಿ ಸುಂದರವಾದುದೆನಿಸುತ್ತದೆ. ಅತಿ ನಿಖರವಾದುದೆಂದು ಮಾತ್ರ ಹೇಳಲಾರೆ, ಮೂಲದಲ್ಲಿ ಎದುರಾಗಬೇಕಾದದ್ದು ದೇವರಲ್ಲ, ಸಂದರ್ಭ. ಕಿಂಗ್ ಜೇಮ್ಸ್ ಅನುವಾದಕರ ‘ಸ್ಪೀಡ್’ ಅವರ ಕಾಲಕ್ಕೆ ಪೂರ್ಣ ಸರಿಯಾಗಿತ್ತು. ಕೈಗೂಡುವ ಅವಕಾಶ ಎಂಬ ಹಳೆಯ ಅರ್ಥ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಕೆಟ್ಟಿದ್ದು ಅನುವಾದವಲ್ಲ, ನಂತರದ ಓದು.

ಅಧ್ಯಾಯದಲ್ಲಿ ವೇಗವೂ ಇದೆ, ಯಶಸ್ಸೂ ಇದೆ. ವೇಗ ರೆಬೆಕ್ಕಳದು, ಯಶಸ್ಸು ದೇವರದು. ಬಾಯಾರಿದ ಹತ್ತು ಒಂಟೆಗಳು ಕುಡಿಯುವಷ್ಟು ನೀರನ್ನು ಹುಡುಗಿಯೊಬ್ಬಳು ಕೊಡದಿಂದ ಹೊತ್ತು ತರುತ್ತಿರುವಾಗ ಸೇವಕ ಏನು ಮಾಡುತ್ತಾನೆ? ಸುಮ್ಮನೆ ನಿಂತು ಅವಳನ್ನು ನೋಡುತ್ತಾನೆ, ತನ್ನ ಪ್ರಯಾಣವನ್ನು ದೇವರು ಸಫಲಗೊಳಿಸಿದರೋ ಇಲ್ಲವೋ ಎಂದು ತಿಳಿಯಲು ಕಾಯುತ್ತಾನೆ. ‘ಸ್ಪೀಡ್’ ಬೇಡಿದವನು ಇಡೀ ದೃಶ್ಯದಲ್ಲಿ ಅಲುಗಾಡದೆ ನಿಂತವನು. ಪದವನ್ನು ವೇಗವೆಂದು ಓದಿದರೆ ಈ ನಿಲುವಿನ ಸೊಬಗು ಓದುಗನ ಕೈತಪ್ಪಿ ಹೋಗುತ್ತದೆ.

ಇದಕ್ಕಿಂತ ಘೋರವಾದ ಇನ್ನೊಂದು ಜಾಗವಿದೆ. ನ್ಯಾಯಸ್ಥಾಪಕರ ಗ್ರಂಥದ 5ನೇ ಅಧ್ಯಾಯದಲ್ಲಿರುವ ದೆಬೋರಳ ಗೀತೆಯ ಕೊನೆಯ ಭಾಗ. ಕಾನಾನ್ಯರ ಸೇನಾಪತಿ ಸಿಸೆರ ಯುದ್ಧಕ್ಕೆ ಹೋಗಿದ್ದಾನೆ. ಅವನ ತಾಯಿ ಕಿಟಕಿಯಿಂದ ದಾರಿ ನೋಡುತ್ತ, ಅವನ ರಥ ಬರಲು ಇಷ್ಟು ತಡವೇಕೆ, ಗಾಲಿಗಳ ಸದ್ದು ಇನ್ನೂ ಏಕೆ ಕೇಳಿಸುತ್ತಿಲ್ಲ ಎಂದು ಕಳವಳಪಡುತ್ತಾಳೆ. ಅವಳ ಸುತ್ತಲಿನ ಜಾಣ ಹೆಂಗಸರು ಸಮಾಧಾನ ಹೇಳುತ್ತಾರೆ. ಅವಳೂ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಾಳೆ. ಆ ಸಮಾಧಾನದಲ್ಲಿ ಕಿಂಗ್ ಜೇಮ್ಸ್ ಅನುವಾದ ‘ಸ್ಪೆಡ್’ ಎಂಬ ಕ್ರಿಯಾಪದವನ್ನು ಬಳಸಿದೆ. ರಥದ ವಿಳಂಬದ ಪ್ರಶ್ನೆಯ ಬೆನ್ನಿಗೇ ಬರುವ ಈ ಪದವನ್ನು ಇಂದಿನ ಓದುಗ ‘ಅವರು ವೇಗವಾಗಿ ಹೊರಟಿಲ್ಲವೇ?’ ಎಂದಲ್ಲದೆ ಬೇರೆ ಹೇಗೆ ತಾನೇ ಓದಿಯಾನು? ಬರುತ್ತಿದ್ದಾರೆ, ದಾರಿಯಲ್ಲಿದ್ದಾರೆ, ಇನ್ನೇನು ಬಂದರು ಎಂಬ ಸಾಂತ್ವನವದು ಎಂದುಕೊಳ್ಳುತ್ತಾನೆ.

ನಿಜಾರ್ಥ ಇದಕ್ಕೆ ಬಹುಪಾಲು ವಿರುದ್ಧ. ಅವರಿಗೆ ಬೇಕಾದದ್ದು ಸಿಕ್ಕಿರಬೇಕಲ್ಲವೇ, ಕೈಗೂಡಿರಬೇಕಲ್ಲವೇ, ಕೊಳ್ಳೆಯನ್ನು ಹಂಚಿಕೊಳ್ಳುತ್ತಿರಬೇಕಲ್ಲವೇ ಎಂಬುದು ಆ ಮಾತು. ತಡವಾಗುತ್ತಿರುವುದೇ ಗೆಲುವಿನ ಗುರುತು ಎಂದು ಆ ಹೆಂಗಸರು ವಾದಿಸುತ್ತಿದ್ದಾರೆ! ಹಂಚಿಕೊಳ್ಳಲು ಬಹಳಷ್ಟಿದೆ, ಒಬ್ಬೊಬ್ಬ ವೀರನಿಗೆ ಒಂದಿಬ್ಬರು ಹೆಣ್ಣುಗಳು, ಬಣ್ಣದ ಕಸೂತಿ ಬಟ್ಟೆಗಳು, ಆದ್ದರಿಂದ ತಡ. ‘ಸ್ಪೆಡ್’ ಎಂಬುದಕ್ಕೆ ಇಲ್ಲಿ ಇರುವ ಅರ್ಥ ಗೆದ್ದರು, ವೇಗವಾಗಿ ಬಂದರು ಎಂಬುದಲ್ಲ. ಆದರೆ ಓದುಗನಿಗೆ ಆ ತಾಯಿಗೆ ತಿಳಿಯದ ಸಂಗತಿ ತಿಳಿದಿದೆ. ಯಾಯೇಲಳ ಡೇರೆಯಲ್ಲಿ ಗೂಟ ಬಡಿಸಿಕೊಂಡು ಸಿಸೆರ ಆಗಲೇ ಸತ್ತು ಬಿದ್ದಿದ್ದಾನೆ. ಬೇರೆಯವರ ಹೆಣ್ಣುಮಕ್ಕಳು ತನ್ನ ಮಗನ ಕೊಳ್ಳೆಯಾಗಿರುವರೆಂದು ನೆಮ್ಮದಿಪಡುವ ತಾಯಿಯನ್ನು ಆ ಹಳೆಯ ಗೀತೆ ಎಷ್ಟು ಕ್ರೂರವಾಗಿ, ಎಷ್ಟು ಕರುಣೆಯಿಂದ ಕಿಟಕಿಯಲ್ಲಿ ನಿಲ್ಲಿಸಿದೆ! ‘ಸ್ಪೆಡ್’ ಎಂಬುದನ್ನು ತಪ್ಪಾಗಿ ಓದಿದವನಿಗೆ ಅವಳು ಮಗನಿಗಾಗಿ ಕಾಯುವ ಪಾಪದ ತಾಯಿ ಮಾತ್ರ. ಸರಿಯಾಗಿ ಓದಿದವನಿಗೆ ಅವಳ ಸಾಂತ್ವನವೇ ಒಂದು ಅಪರಾಧ. ಒಂದು ಪದದಿಂದ ಇಷ್ಟು ವ್ಯತ್ಯಾಸ. ಈಚಿನ ಇಂಗ್ಲಿಷ್ ಅನುವಾದಗಳು ‘ಸ್ಪೆಡ್’ ಅನ್ನು ಕೈಬಿಟ್ಟು ಸಿಕ್ಕಿದೆ, ಹಂಚಿಕೊಳ್ಳುತ್ತಿದ್ದಾರೆ ಎಂಬ ನೇರವಾದ ಮಾತುಗಳನ್ನು ಇಟ್ಟದ್ದು ಸರಿಯೇ. ಹಳೆಯ ಅನುವಾದದ ಗಾಂಭೀರ್ಯ ಹೋಯಿತೆಂದು ಕೊರಗುವವರಿದ್ದಾರೆ. ಅರ್ಥ ತಿಳಿಯದ ಗಾಂಭೀರ್ಯದಿಂದ ಯಾರಿಗೆ ಏನು ಪ್ರಯೋಜನವೋ ನನಗೆ ತಿಳಿಯದು.

ಮೂರನೆಯ ಸ್ಥಳ ಯೊವಾನ್ನರ ಎರಡನೆಯ ಪತ್ರ. ಕ್ರಿಸ್ತನ ಬೋಧನೆಯನ್ನು ತಾರದ ಉಪದೇಶಕನನ್ನು ಮನೆಯೊಳಗೆ ಸೇರಿಸಬೇಡಿ, ಅವನಿಗೆ ಶುಭವನ್ನೂ ಕೋರಬೇಡಿ ಎಂದು ಅಲ್ಲಿ ಎಚ್ಚರಿಕೆಯಿದೆ. ಗ್ರೀಕಿನಲ್ಲಿರುವುದು ‘ಖೈರೆಯಿನ್’, ಅಂದರೆ ಸಂತೋಷಪಡು ಎಂಬ ದಿನಬಳಕೆಯ ವಂದನೆ, ಲತೀನಿನಲ್ಲಿ ‘ಆವೆ’. ಕಿಂಗ್ ಜೇಮ್ಸ್ ಅನುವಾದದಲ್ಲಿಯೂ, ಕ್ಯಾಥೋಲಿಕರ ಡೂಯೆ-ರೀಮ್ಸ್ ಅನುವಾದದ ಪರಿಷ್ಕೃತ ಪಾಠದಲ್ಲಿಯೂ ಇದು ‘ಗಾಡ್ ಸ್ಪೀಡ್’ ಆಗಿದೆ. ಮುಂದಿನ ವಾಕ್ಯವನ್ನು ಗಮನಿಸಿ: ಹಾಗೆ ಶುಭ ಕೋರುವವನು ಅವನ ಕೆಟ್ಟ ಕೆಲಸದಲ್ಲಿ ಪಾಲುಗಾರನಾಗುತ್ತಾನೆ. ಬರಿಯ ‘ನಮಸ್ಕಾರ’ ಎಂದರೆ ಪಾಲುಗಾರನಾಗುವುದು ಹೇಗೆಂದು ಕೇಳಬಹುದು. ‘ದೇವರು ನಿನ್ನ ಕೆಲಸವನ್ನು ಕೈಗೂಡಿಸಲಿ’ ಎಂದರೆ ಪಾಲುಗಾರನಾಗುವುದು ಹೇಗೆಂದು ಯಾರೂ ಕೇಳಬೇಕಾಗಿಲ್ಲ. ಗ್ರೀಕ್ ಪದಕ್ಕೆ ಅಕ್ಷರಶಃ ನಿಷ್ಠವಲ್ಲದಿದ್ದರೂ ಈ ಇಂಗ್ಲಿಷ್ ಆಯ್ಕೆ ವಾಕ್ಯದ ಒಳಗುಟ್ಟನ್ನು ಹಿಡಿದಿದೆ ಎಂದು ನನ್ನ ಅಭಿಪ್ರಾಯ.

ಇಲ್ಲಿ ವ್ಯಾಕರಣದ ಒಂದು ಮಾತು ಹೇಳಬೇಕು. ‘ಗಾಡ್ ಸ್ಪೀಡ್ ಯೂ’ ಎಂಬಲ್ಲಿ ದೇವರು ಕರ್ತೃ, ‘ಸ್ಪೀಡ್’ ಕ್ರಿಯಾಪದ, ನೀನು ಕರ್ಮ. ನಮ್ಮ ‘-ಅಲಿ’ ಪ್ರತ್ಯಯದಂತೆ ಇದು ಹಾರೈಕೆಯ ರೂಪ: ದೇವರು ನಿನ್ನನ್ನು ಗೆಲ್ಲಿಸಲಿ. ಕಾಲಕ್ರಮದಲ್ಲಿ ‘ಯೂ’ ಉದುರಿತು, ಉಳಿದ ಎರಡು ಪದಗಳು ಬೆಸೆದುಕೊಂಡವು, ಕ್ರಿಯಾಪದ ನಾಮಪದವಾಯಿತು. ಆಮೇಲೆ ‘ದೇವರ ವೇಗ’ ಎಂಬ ಅಪಾರ್ಥಕ್ಕೆ ಬಾಗಿಲು ತೆರೆಯಿತು. ಕರಾವಳಿಯ ಕೊಂಕಣಿ ಕ್ಯಾಥೋಲಿಕರಿಗೆ ಇದು ಹೊಸದೇನೂ ಅಲ್ಲ. ಅವರ ‘ದೇವ್ ಬರೆಂ ಕರುಂ’ ಎಂಬುದೂ ಇದೇ ಬಗೆಯ ವಾಕ್ಯ: ದೇವರು ಒಳಿತು ಮಾಡಲಿ. ಇಂದು ಅದನ್ನು ಥ್ಯಾಂಕ್ಸ್ ಎಂಬುದಕ್ಕೆ ಬದಲಿಯಾಗಿ ಆಡುತ್ತೇವೆ, ಅಂಗಡಿಯಲ್ಲಿ ಚಿಲ್ಲರೆ ವಾಪಸು ಪಡೆದಾಗಲೂ ಆಡುತ್ತೇವೆ. ಸವೆದಿದೆ, ನಿಜ. ಆದರೆ ಅದರಲ್ಲಿ ದೇವರು ಇನ್ನೂ ಕರ್ತೃವಾಗಿಯೇ ಉಳಿದಿದ್ದಾನೆ. ಇಂಗ್ಲಿಷಿನಲ್ಲಿ ಅಷ್ಟೂ ಉಳಿಯಲಿಲ್ಲ.

ಹಳೆಯ ಅರ್ಥ ಜೀವಂತವಾಗಿದ್ದಾಗ ಈ ಹಾರೈಕೆ ಎಲ್ಲೆಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನೋಡಿದರೆ ಅದು ವೇಗವಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ. ಇಂಗ್ಲೆಂಡಿನ ರೈತರು ‘ದೇವರು ನೇಗಿಲನ್ನು ಸ್ಪೀಡ್ ಮಾಡಲಿ’ ಎಂಬ ಹಾರೈಕೆಯನ್ನು ತಮ್ಮ ಕುಡಿಯುವ ಹೂಜಿಗಳ ಮೇಲೆ ಬರೆಸಿಕೊಳ್ಳುತ್ತಿದ್ದರು. ನೇಗಿಲಿನ ಮನೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ, ಓಡಿಸಿದ ನೇಗಿಲು ಎಂಥ ಉಳುಮೆ ಮಾಡುತ್ತದೆ ಎಂದು. ‘ಗಾಡ್‌ಸ್ಪೀಡ್’ ಎಂಬ ಹೆಸರಿನ ಹಡಗೊಂದು ಬೇರೆರಡು ಹಡಗುಗಳೊಡನೆ 1606ರ ಡಿಸೆಂಬರಿನಲ್ಲಿ ಲಂಡನ್ ಬಿಟ್ಟು ಅಮೆರಿಕದ ವರ್ಜೀನಿಯಾ ಕರಾವಳಿಯನ್ನು ಕಂಡದ್ದು 1607ರ ಏಪ್ರಿಲಿನಲ್ಲಿ. ಎದುರುಗಾಳಿಯಿಂದಾಗಿ ಮೊದಲ ಕೆಲವು ವಾರ ಇಂಗ್ಲೆಂಡಿನ ತೀರದ ಬಳಿಯೇ ಲಂಗರು ಹಾಕಿ ನಿಂತಿತ್ತು. ಹೆಸರಿಟ್ಟವರಿಗೆ ಇದರಲ್ಲಿ ವ್ಯಂಗ್ಯ ಕಂಡಿರಲಾರದು. ಅವರು ಬೇಡಿದ್ದು ತಲುಪುವುದನ್ನು.

ಷೇಕ್ಸ್‌ಪಿಯರನಂಥವನ ಕೈಯಲ್ಲಿ ಎರಡು ಅರ್ಥಗಳೂ ಆಟವಾಡುತ್ತವೆ. ‘ವೆರೋನಾದ ಇಬ್ಬರು ಮಹನೀಯರು’ ನಾಟಕದಲ್ಲಿ ಸ್ಪೀಡ್ ಎಂಬ ಹೆಸರಿನ ಸೇವಕನಿದ್ದಾನೆ. ಲಾನ್ಸ್ ಎಂಬ ಇನ್ನೊಬ್ಬ ಸೇವಕ ಅವನಿಗೆ ಓದಲು ಬಾರದೆಂದು ಹಂಗಿಸಿ, ಒಂದು ಕಾಗದವನ್ನು ಕೈಗಿತ್ತು, ವಿದ್ಯಾರ್ಥಿಗಳ ಪಾಲಕರಾದ ಸಂತ ನಿಕೋಲಾಸರೇ ಅವನಿಗೆ ‘ಸ್ಪೀಡ್’ ಆಗಲೆಂದು ಹರಸುತ್ತಾನೆ. ಅಂದರೆ ಒತ್ತಾಸೆಯಾಗಲಿ, ನೆರವಾಗಲಿ. ಕಾಗದವನ್ನು ಪೂರ್ತಿ ಓದಿಸಿದ ಮೇಲೆ, ಒಡೆಯ ಬಹಳ ಹೊತ್ತಿನಿಂದ ಊರಬಾಗಿಲಲ್ಲಿ ಕಾಯುತ್ತಿದ್ದಾನೆಂದು ನಿಧಾನವಾಗಿ ತಿಳಿಸುತ್ತಾನೆ. ಸ್ಪೀಡ್ ಎಂಬ ಹೆಸರಿನವನೇ ತಡವಾಗಿ ಏಟು ತಿನ್ನಲು ಓಡಬೇಕಾಗುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವರೆಲ್ಲ ಕೇಳಿರುವ ಗಾದೆಯಲ್ಲಿಯೂ ಇದೇ ಪದವಿದೆ, ಅವಸರ ಹೆಚ್ಚಿದಷ್ಟೂ ‘ಸ್ಪೀಡ್’ ಕಡಿಮೆ ಎಂದು. ಅವಸರ ಹೆಚ್ಚಿದರೆ ವೇಗ ಕಡಿಮೆಯಾಗುವುದು ಹೇಗೆಂದು ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ, ಗುರುಗಳು ಅದನ್ನೊಂದು ಚಮತ್ಕಾರವೆಂದು ವಿವರಿಸುತ್ತಾರೆ. ಚಮತ್ಕಾರವೇನೂ ಇಲ್ಲ. ಅವಸರ ಹೆಚ್ಚಿದಷ್ಟೂ ಕೆಲಸ ಕೈಗೂಡುವುದು ಕಡಿಮೆ ಎಂಬುದಷ್ಟೇ ಅದರ ಮಾತು. ನಮ್ಮವರು ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವಂತೆ.

ಎಡ್ಮಂಡ್ ಬ್ಲೇರ್ ಲೇಟನ್ ಎಂಬ ಆಂಗ್ಲ ಚಿತ್ರಕಾರ 1900ರಲ್ಲಿ ಬರೆದ ‘ಗಾಡ್ ಸ್ಪೀಡ್’ ಎಂಬ ವರ್ಣಚಿತ್ರದ ಅಚ್ಚುಪ್ರತಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಯುದ್ಧಕ್ಕೆ ಹೊರಟ ವೀರ ಕುದುರೆಯ ಮೇಲಿದ್ದಾನೆ. ಕೋಟೆಯ ಮೆಟ್ಟಿಲ ಮೇಲೆ ನಿಂತ ಕನ್ಯೆ ಅವನ ತೋಳಿಗೆ ಕೆಂಪು ಪಟ್ಟಿಯನ್ನು ಕಟ್ಟುತ್ತಿದ್ದಾಳೆ. ಜೊತೆಯವರು ಆಗಲೇ ಬಾಗಿಲು ದಾಟುತ್ತಿದ್ದಾರೆ. ಚಿತ್ರ ತುಸು ಅತಿಮಧುರವಾಗಿದೆ ಎಂಬುದು ನನ್ನ ಅನಿಸಿಕೆ. ಮಧ್ಯಯುಗದ ಕೋಟೆಗಳಲ್ಲಿ ಬಟ್ಟೆಗಳು ಅಷ್ಟು ಶುಭ್ರವಾಗಿದ್ದವೆಂದು ನಂಬುವುದು ಕಷ್ಟ. ಆದರೆ ಹೆಸರಿನ ಅರ್ಥವನ್ನು ಚಿತ್ರಕಾರ ಬಲ್ಲವನಾಗಿದ್ದ. ಅವನು ಚಿತ್ರಿಸಿದ್ದು ಕುದುರೆಯ ಓಟವನ್ನಲ್ಲ, ಓಟವನ್ನು ತಡೆದು ನಿಲ್ಲಿಸಿದ ಒಂದು ಗಂಟನ್ನು.

ಕನ್ನಡಕ್ಕೆ ಈ ಪದದೊಡನೆ ನೇರವಾದ ವ್ಯವಹಾರವಿಲ್ಲ. ಆದರೂ ಒಂದು ಹೋಲಿಕೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸಂಸ್ಕೃತದಲ್ಲಿ ‘ಅವಸರ’ ಎಂದರೆ ಸಂದರ್ಭ, ಒದಗಿಬಂದ ಅವಕಾಶ. ಹಿಂದಿಯಲ್ಲಿ ಇಂದಿಗೂ ಹಾಗೆಯೇ. ಕನ್ನಡದಲ್ಲಿ ಅದು ಗಡಿಬಿಡಿಯಾಯಿತು. ಒಳ್ಳೆಯ ಹೊತ್ತು ಒದಗಿಬಂದಿದೆ ಎಂಬುದರಿಂದ ಹೊತ್ತು ಮೀರುತ್ತಿದೆ ಎಂಬುದಕ್ಕೆ ನಾವು ಜಾರಿದೆವು. ಇಂಗ್ಲಿಷಿನವರು ‘ಸ್ಪೀಡ್’ ಪದದಲ್ಲಿ ಜಾರಿದ ದಾರಿಯೂ ಬಹುತೇಕ ಇದೇ. ಇನ್ನು ‘ವೇಗ’, ಮತ್ತು ಅದರ ತದ್ಭವವಾದ ‘ಬೇಗ’, ನಡುಗು, ತಲ್ಲಣಿಸು ಎಂಬರ್ಥದ ಧಾತುವಿನಿಂದ ಬಂದವು. ‘ಉದ್ವೇಗ’ದಲ್ಲಿ ಆ ತಲ್ಲಣ ಈಗಲೂ ಬಯಲಾಗಿಯೇ ಇದೆ. ಶಾಲೆಯ ವಿಜ್ಞಾನ ಪಠ್ಯದಲ್ಲಿ ‘ಸ್ಪೀಡ್’ ಎಂಬುದಕ್ಕೆ ‘ಜವ’ ಎಂದು ಕಲಿಸುತ್ತಾರೆ. ಜವನೆಂದರೆ ಯಮನೂ ಹೌದೆಂದು ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ಹಾರಿಸುವ ನಮ್ಮ ಹುಡುಗರಿಗೆ ಯಾರೂ ಹೇಳಿದಂತೆ ಕಾಣದು.

ಎರಡು ಅರ್ಥಗಳೂ ಮತ್ತೆ ಒಂದೇ ಬಾಯಲ್ಲಿ ಕೂಡಿದ ಸಂದರ್ಭವೊಂದು ಚರಿತ್ರೆಯಲ್ಲಿದೆ. 1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಎಂಬ ಗಗನಯಾತ್ರಿ ಭೂಮಿಯನ್ನು ಸುತ್ತಲು ಹೊರಟ. ಹಲವು ಬಾರಿ ಮುಂದೂಡಲ್ಪಟ್ಟ ಹಾರಾಟವದು. ಅಮೆರಿಕನ್ನನೊಬ್ಬ ಕಕ್ಷೆಗೇರುತ್ತಿದ್ದುದು ಅದೇ ಮೊದಲು. ಗ್ಲೆನ್‌ಗೆ ತೊಂದರೆಯಾದರೆ ಬದಲಿಗೆ ಹೋಗಲು ತರಬೇತಾಗಿದ್ದ ಸಂಗಡಿಗ ಸ್ಕಾಟ್ ಕಾರ್ಪೆಂಟರ್ ನೆಲದ ಮೇಲಿನ ನಿಯಂತ್ರಣ ಕೊಠಡಿಯಿಂದ, ರಾಕೆಟ್ಟು ಮೇಲೇಳುವ ಹೊತ್ತಿಗೆ, ಗೆಳೆಯನ ಹೆಸರು ಹಿಡಿದು ‘ಗಾಡ್‌ಸ್ಪೀಡ್’ ಎಂದ. ಮೊದಲೇ ಬರೆದಿಟ್ಟುಕೊಂಡ ಮಾತಲ್ಲ ಅದು; ಆ ಕ್ಷಣಕ್ಕೆ ಬಂದದ್ದು ಎಂದು ಮುಂದೆ ಅವನೇ ಹೇಳಿದ. ಆ ಮಾತಿನಲ್ಲಿ ವೇಗವೂ ತನ್ನ ಮನಸ್ಸಿನಲ್ಲಿತ್ತು, ಗ್ಲೆನ್‌ಗೆ ಅಂದು ಬೇಕಾಗಿದ್ದದ್ದೇ ವೇಗ ಎಂಬರ್ಥದ ವಿವರಣೆಯನ್ನೂ ಕೊಟ್ಟ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ದೊರೆಯದಿದ್ದರೆ ಕಕ್ಷೆ ದೊರೆಯುತ್ತಿರಲಿಲ್ಲ. ನಿಘಂಟನ್ನು ಹಿಡಿದುಕೊಂಡು ಈ ಸಂಗಡಿಗನನ್ನು ತಿದ್ದಲು ನನಗೆ ಮನಸ್ಸಿಲ್ಲ. ವೇಗ ಸಿಕ್ಕದೆ ಕೆಲಸವೇ ಕೈಗೂಡದ ಆ ಒಂದು ಮುಂಜಾವಿನಲ್ಲಿ ಪದ ತನ್ನ ಎರಡೂ ಅರ್ಥಗಳನ್ನು ಒಟ್ಟಿಗೆ ಹೊತ್ತಿತ್ತು. ಗ್ಲೆನ್ ಮೂರು ಸುತ್ತು ಬಂದು, ಐದು ಗಂಟೆಗೆ ತುಸು ಕಡಿಮೆ ಅವಧಿಯಲ್ಲಿ, ಉಷ್ಣಕವಚ ಸಡಿಲವಾಗಿದೆಯೋ ಏನೋ ಎಂಬ ಭಯದ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಸುರಕ್ಷಿತವಾಗಿ ಇಳಿದ. ರೇಡಿಯೋದ ತೊಡಕಿನಿಂದಾಗಿ ಗೆಳೆಯನ ಹಾರೈಕೆ ಅವನ ಕಿವಿಗೆ ಬಿದ್ದಿರಲಿಲ್ಲ. ಅದು ಅವನಿಗೆ ತಿಳಿದದ್ದು ಮರಳಿ ಬಂದ ಮೇಲೆ.